ಹಳೆಯ ಅಂಗಿಗೂ ಒಂದು ಬೆಲೆ: ಅಗಸೆಯ ಬಿತ್ತನೆಯಿಂದ ನೂಲಿನವರೆಗೆ

ಉತ್ತರ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ನೆಲೆಸಿದ್ದ ಇಂಗ್ಲಿಷ್ ವಲಸಿಗರಲ್ಲಿ ಆಸ್ತಿಯುಳ್ಳವರು ತೀರಿಕೊಂಡರೆ, ನೆರೆಹೊರೆಯ ಇಬ್ಬರೋ ಮೂವರೋ ಆ ಮನೆಗೆ ಬಂದು, ಅಲ್ಲಿದ್ದ ಸಾಮಾನುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಬೆಲೆ ಕಟ್ಟಿ ನ್ಯಾಯಾಲಯಕ್ಕೆ ಒಪ್ಪಿಸುವ ಪದ್ಧತಿಯಿತ್ತು. ಅಂಥ ಪಟ್ಟಿಗಳು ಸಾವಿರಗಟ್ಟಲೆ ಉಳಿದು ಬಂದಿವೆ. ಹಸು, ಎತ್ತು, ಕಬ್ಬಿಣದ ಪಾತ್ರೆಗಳ ಸಾಲಿನಲ್ಲೇ ಹಾಸುವ ದುಪ್ಪಟಿ, ಕೈ ಒರೆಸುವ ವಸ್ತ್ರ, ತೊಟ್ಟು ಹಳತಾದ ಅಂಗಿ ಇವಕ್ಕೂ ಬೆಲೆ ಹಾಕಿರುವುದನ್ನು ಮೊದಲ ಸಲ ಓದಿದಾಗ ನನಗೆ ಅದು ಅತಿಯಾಯಿತೆನಿಸಿತ್ತು. ಅಗಸೆ ಬಿತ್ತಿ, ಗಿಡ ಕಿತ್ತು, ನಾರು ಬಿಡಿಸಿ, ನೂಲು ತೆಗೆಯುವ ಕೆಲಸವನ್ನು ಕೈಯಾರೆ ಮಾಡಿದ ಮೇಲೆ ಹಾಗೆನಿಸುವುದಿಲ್ಲ. ಅಷ್ಟೇ ಅಲ್ಲ, ವಲಸಿಗರು ತಮಗೆ ಬೇಕಾದುದನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು ಎಂದು ಇಲ್ಲಿನ ಶಾಲೆಯ ಮಕ್ಕಳಿಂದ ಹಿಡಿದು ದೊಡ್ಡವರವರೆಗೆ ಎಲ್ಲರೂ ಹೇಳುವ ಮಾತನ್ನೂ ಈಗ ನಾನು ಹಾಗೆಯೇ ಒಪ್ಪಲಾರೆ.

ನಾನಿರುವುದು ಮಸಾಚುಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ. ನಾರ್ಥಾಂಪ್ಟನ್, ಹ್ಯಾಡ್ಲಿ, ಡೀರ್‌ಫೀಲ್ಡ್ ಮೊದಲಾದ ಊರುಗಳು ಇಲ್ಲಿ ತಲೆಯೆತ್ತಿದ್ದು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ಈ ಮೆಕ್ಕಲು ಮಣ್ಣಿನಲ್ಲಿ ಬೆಳೆ ತೆಗೆಯುತ್ತಿದ್ದವರು ಪೊಕಮ್‌ಟಕ್ ಮತ್ತು ನಾನೊಟಕ್ ಮೂಲನಿವಾಸಿಗಳು. ಈ ಭಾಗದ ಒಂದು ಸಣ್ಣ ಇತಿಹಾಸ ಸಂಘ, ತನ್ನ ಸುಪರ್ದಿನಲ್ಲಿರುವ ಹದಿನೆಂಟನೆಯ ಶತಮಾನದ ಮನೆಯೊಂದರ ಹಿತ್ತಲಿನಲ್ಲಿ ಅಗಸೆ ಬೆಳೆದು, ಬಿತ್ತನೆಯಿಂದ ನೂಲಿನವರೆಗಿನ ಕೆಲಸವನ್ನು ಋತುಮಾನಕ್ಕೆ ತಕ್ಕಂತೆ ಆಸಕ್ತರಿಗೆ ಕಲಿಸುತ್ತದೆ. ನಾನು ಅಲ್ಲಿ ಸೇರಿಕೊಂಡದ್ದಕ್ಕೆ ಇತಿಹಾಸದ ಒಲವು ಅರ್ಧ ಕಾರಣವಾದರೆ, ಉಳಿದರ್ಧ ಕಾರಣ ಅಗಸೆಯೇ. ಗದಗ ಜಿಲ್ಲೆಯ ಒಕ್ಕಲು ಮನೆಯಲ್ಲಿ ಬೆಳೆದ ನನಗೆ ಅಗಸಿ ಎಂದರೆ ಜೋಳದ ರೊಟ್ಟಿಯ ಜೊತೆಗಿನ ಹಿಂಡಿ, ಹಿಂಗಾರಿ ಹೊಲದ ಅಕ್ಕಡಿ ಸಾಲು. ಅದೇ ಗಿಡದ ಕಾಂಡದಲ್ಲಿ ಅಂಗಿಗಾಗುವ ಬಟ್ಟೆಯಿದೆ ಎಂಬ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹತ್ತಿ ಬೆಳೆಯುವ ಸೀಮೆಗೆ ಅದರ ಹಂಗೇಕೆ?

ಎಣ್ಣೆಯ ಅಗಸೆ ಮತ್ತು ನಾರಿನ ಅಗಸೆ ಒಂದೇ ಜಾತಿಯ ಗಿಡಗಳಾದರೂ ತಳಿ ಬೇರೆ, ಬಿತ್ತುವ ರೀತಿಯೂ ಬೇರೆ. ನಮ್ಮಲ್ಲಿ ಗಿಡ ಗಿಡ್ಡಗಿದ್ದು, ಕವಲೊಡೆದು, ಮೈತುಂಬ ಕಾಯಿ ಬಿಡಬೇಕು. ಇಲ್ಲಿ ಅದು ಕವಲೊಡೆಯದೆ ಸೊಂಟದ ಮಟ್ಟಕ್ಕೆ ನೆಟ್ಟಗೆ ಏಳಬೇಕು. ಅದಕ್ಕಾಗಿ, ಹಿಮ ಕರಗಿ ನೆಲ ಹದಕ್ಕೆ ಬಂದ ಕೂಡಲೇ, ಒಂದು ಗಿಡ ಇನ್ನೊಂದಕ್ಕೆ ಪಕ್ಕಕ್ಕೆ ಹರಡಿಕೊಳ್ಳಲು ಎಡೆ ಕೊಡದಷ್ಟು ಒತ್ತಾಗಿ ಬೀಜ ಎರಚುತ್ತಾರೆ. ಕಳೆಯನ್ನು ಸಸಿ ಬೆರಳುದ್ದ ಇರುವಾಗಲೇ ಕೀಳಬೇಕು. ಹೆಂಗಸರು, ಮಕ್ಕಳು ಬರಿಗಾಲಿನಲ್ಲಿ ಗಾಳಿಗೆ ಎದುರಾಗಿ ಸಾಗುತ್ತ ಈ ಕೆಲಸ ಮಾಡುತ್ತಿದ್ದರಂತೆ, ಕಾಲಡಿ ಬಾಗಿದ ಸಸಿಯನ್ನು ಗಾಳಿಯೇ ಮತ್ತೆ ಎತ್ತಿ ನಿಲ್ಲಿಸಲಿ ಎಂದು. ನಾವೂ ಬೂಟು ಬಿಚ್ಚಿಟ್ಟು ಹಾಗೆಯೇ ಮಾಡಿದೆವು. ಜೂನ್ ಕೊನೆಯ ಹೊತ್ತಿಗೆ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರುವ ನೀಲಿ ಹೂಗಳು ಬಂದವು. ಕಳೆ ಕೀಳುವಾಗ ಕಾಣದಿದ್ದ ಜನ ಆಗ ಫೋಟೊ ತೆಗೆಯಲು ಬಂದರು ಎಂಬುದನ್ನು ಬರೆಯದಿದ್ದರೆ ವರದಿ ಅಪೂರ್ಣವಾದೀತು.

ಬಿತ್ತಿದ ಸುಮಾರು ನೂರು ದಿನಕ್ಕೆ ಗಿಡದ ಬುಡ ಹಳದಿ ತಿರುಗುತ್ತದೆ. ಆಗ ಅದನ್ನು ಕುಡುಗೋಲಿನಿಂದ ಕೊಯ್ಯದೆ ಬೇರು ಸಮೇತ ಕೀಳುತ್ತಾರೆ, ಏಕೆಂದರೆ ನಾರು ಕಾಂಡದ ಬುಡದವರೆಗೂ ಹಬ್ಬಿರುತ್ತದೆ, ಕೊಯ್ದರೆ ಅಷ್ಟು ಉದ್ದ ನಷ್ಟವಾಗುತ್ತದೆ. ಯಾವಾಗ ಕೀಳಬೇಕೆಂಬುದು ಒಂದು ತೀರ್ಮಾನ: ಹಸಿರಾಗಿರುವಾಗಲೇ ಕಿತ್ತರೆ ನಾರು ನಯ, ಆದರೆ ಬೀಜ ಬಲಿತಿರುವುದಿಲ್ಲ, ಬೀಜ ಬಲಿಯಲು ಬಿಟ್ಟರೆ ನಾರು ಒರಟು. ಐರ್ಲೆಂಡಿನ ರೈತರು ನಯವಾದ ನಾರಿಗಾಗಿ ಗಿಡವನ್ನು ಎಳೆಯದಾಗಿಯೇ ಕೀಳುತ್ತಿದ್ದುದರಿಂದ ಅವರಿಗೆ ಪ್ರತಿ ವರ್ಷ ಬಿತ್ತನೆ ಬೀಜ ಹೊರಗಿನಿಂದ ಬರಬೇಕಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ನ್ಯೂಯಾರ್ಕ್, ಫಿಲಡೆಲ್ಫಿಯಾ ಮತ್ತು ಕನೆಕ್ಟಿಕಟ್ಟಿನ ಬಂದರುಗಳಿಂದ ಅಗಸೆ ಬೀಜ ಹೇರಿಕೊಂಡ ಹಡಗುಗಳು ಐರ್ಲೆಂಡಿಗೆ ಹೋಗುತ್ತಿದ್ದವು. ಬರುವಾಗ ಅಲ್ಲಿ ನೇಯ್ದ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆಯನ್ನೂ, ಹೊಸ ವಲಸಿಗರನ್ನೂ ತರುತ್ತಿದ್ದವು. ಸ್ವಾವಲಂಬನೆಯ ಚಿತ್ರದಲ್ಲಿ ನನಗೆ ಕಂಡ ಮೊದಲ ಬಿರುಕು ಇದು. ತಮ್ಮ ಹೊಲದಲ್ಲೇ ಅಗಸೆ ಬೆಳೆಯುತ್ತಿದ್ದವರು ಅದರ ಬೀಜ ಮಾರಿ, ಸಮುದ್ರದಾಚೆಯ ಬಟ್ಟೆ ಕೊಳ್ಳುತ್ತಿದ್ದರು.

ಕಿತ್ತ ಗಿಡವನ್ನು ಸಿವುಡು ಕಟ್ಟಿ ಒಣಗಿಸಿ, ಕಬ್ಬಿಣದ ಹಲ್ಲುಗಳಿರುವ ಹಣಿಗೆಯಲ್ಲಿ ತಲೆಯ ಕಡೆಯನ್ನು ಎಳೆದು ಕಾಯಿ ಉದುರಿಸಿದ ಮೇಲೆ ಕೊಳೆಹಾಕುವ ಹಂತ ಬರುತ್ತದೆ. ನಮ್ಮ ಕಡೆ ಪುಂಡಿಯ ಕಟ್ಟಿಗೆಯನ್ನು ಹಳ್ಳದ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಕೊಳೆತ ಮೇಲೆ ಹಗ್ಗಕ್ಕೆ ನಾರು ಸುಲಿಯುವಂತೆಯೇ ಇದು ಕೂಡ. ನಾರನ್ನು ಕಾಂಡಕ್ಕೆ ಹಿಡಿದಿಟ್ಟಿರುವ ಅಂಟನ್ನು ಸೂಕ್ಷ್ಮಜೀವಿಗಳು ತಿಂದು ಸಡಿಲಿಸಬೇಕು, ಆದರೆ ನಾರನ್ನೇ ತಿನ್ನುವ ಮೊದಲು ಅವುಗಳ ಕೆಲಸವನ್ನು ನಿಲ್ಲಿಸಬೇಕು. ನೀರಿನಲ್ಲಿ ಹಾಕಿದರೆ ಬೇಗ ಆಗುತ್ತದೆ, ಆದರೆ ದುರ್ವಾಸನೆ ಸಹಿಸಲಾಗದು, ನೀರೂ ಕೆಡುತ್ತದೆ. ಆದ್ದರಿಂದ ನಾವು ಹುಲ್ಲಿನ ಮೇಲೆ ತೆಳ್ಳಗೆ ಹರಡಿ, ಇಬ್ಬನಿ ಮತ್ತು ಮಳೆಗೆ ಬಿಟ್ಟು, ಆಗಾಗ ಮಗುಚಿ ಹಾಕುವ ಕ್ರಮವನ್ನು ಅನುಸರಿಸಿದೆವು. ವಾರಗಳು ಕಳೆದಂತೆ ಹೊಂಬಣ್ಣದ ಕಡ್ಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹದ ಬಂತೋ ಇಲ್ಲವೋ ಎಂದು ತಿಳಿಯಲು ಒಂದು ಕಡ್ಡಿಯನ್ನು ಒಣಗಿಸಿ ಬಾಗಿಸಿದರೆ, ಒಳಗಿನ ಬೆಂಡು ಮುರಿದು, ಹೊರಗಿನ ನಾರು ಬಿಲ್ಲಿನ ಹೆದೆಯಂತೆ ಬೇರೆಯಾಗಿ ನಿಲ್ಲಬೇಕು. ನಮಗೆ ಕಲಿಸುತ್ತಿದ್ದ ಹಿರಿಯ ಮಹಿಳೆ ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿದ ಮಾತ್ರಕ್ಕೆ ಇನ್ನೆಷ್ಟು ಇಬ್ಬನಿ ಬೇಕೆಂದು ಹೇಳಬಲ್ಲವರಾಗಿದ್ದರು. ತಗ್ಗಿನಲ್ಲಿ ಹರಡಿದ್ದ ಪಾಲು ಸತತ ಮಳೆಗೆ ಸಿಕ್ಕಿ ಕೊಳೆತು, ಎಳೆದರೆ ತುಂಡಾಗುವ ಸ್ಥಿತಿಗೆ ಬಂದಿತ್ತು. ಅದನ್ನು ಅವರು ಎರಡನೆಯ ಮಾತಿಲ್ಲದೆ ಗೊಬ್ಬರದ ಗುಂಡಿಗೆ ಹಾಕಿಸಿದರು.

ನಾರು ತೆಗೆಯುವ ವಿದ್ಯೆಯನ್ನು ಈ ನೆಲಕ್ಕೆ ತಂದವರು ಯುರೋಪಿಯನ್ನರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೂಲನಿವಾಸಿಗಳು ಕಾಡುಗಿಡಗಳ ತೊಗಟೆಯಿಂದ ಹಗ್ಗ, ಚೀಲ, ಬಲೆಗಳನ್ನು ಮಾಡುತ್ತಿದ್ದರು. 1620ರ ಚಳಿಗಾಲದ ಆರಂಭದಲ್ಲಿ ಇಂಗ್ಲಿಷ್ ವಲಸಿಗರನ್ನು ಹೊತ್ತು ತಂದ ಮೇಫ್ಲವರ್ ಹಡಗಿನಿಂದಿಳಿದು ಕೇಪ್ ಕಾಡ್ ಪರಿಸರವನ್ನು ನೋಡಲು ಹೊರಟ ತಂಡದಲ್ಲಿದ್ದ ವಿಲಿಯಂ ಬ್ರಾಡ್‌ಫರ್ಡ್, ಮುಂದೆ ಪ್ಲಿಮತ್ ವಸಾಹತಿನ ಗವರ್ನರ್ ಆದವನು, ಜಿಂಕೆಗಾಗಿ ಒಡ್ಡಿದ್ದ ಉರುಲಿನಲ್ಲಿ ಕಾಲು ಸಿಕ್ಕಿಸಿಕೊಂಡಿದ್ದ. ಅವನನ್ನು ಬಿಡಿಸಿದವರು, ಆ ಹಗ್ಗದ ಕುಣಿಕೆ ಇಂಗ್ಲೆಂಡಿನ ಯಾವ ಹಗ್ಗಗಾರನ ಕೆಲಸಕ್ಕೂ ಕಡಿಮೆಯಿಲ್ಲ ಎಂದು ಮೆಚ್ಚಿ ದಾಖಲಿಸಿದ್ದಾರೆ.

ಕೊಳೆಹಾಕಿ ಒಣಗಿಸಿದ ಕಡ್ಡಿಯನ್ನು ಮುರಿಯುವ ಕೆಲಸ ಚಳಿಗಾಲದ್ದು. ಇದಕ್ಕೆ ಬಳಸುವ ಸಾಧನ ಸೊಂಟದೆತ್ತರದ ಒಂದು ಮರದ ಚೌಕಟ್ಟು: ಕೆಳಗೆ ಅಲಗಿನಂತೆ ನಿಂತ ಮೂರು ಉದ್ದನೆಯ ಪಟ್ಟಿಗಳು, ಅವುಗಳ ಸಂದಿಗೆ ಸರಿಯಾಗಿ ಕೂರುವ ಎರಡು ಪಟ್ಟಿಗಳಿರುವ ಭಾರವಾದ ಮೇಲ್ದವಡೆ, ಒಂದು ತುದಿಯಲ್ಲಿ ಕೀಲು. ಎಡಗೈಯಲ್ಲಿ ಒಂದು ಹಿಡಿ ಕಡ್ಡಿಯನ್ನು ಅಡ್ಡಕ್ಕೆ ಹಿಡಿದು, ಬಲಗೈಯಿಂದ ಮೇಲ್ದವಡೆಯನ್ನು ಎತ್ತಿ ಎತ್ತಿ ಬಡಿಯಬೇಕು. ಒಳಗಿನ ಬೆಂಡು ಚೂರುಚೂರಾಗಿ ಉದುರುತ್ತದೆ, ನಾರು ಉಳಿಯುತ್ತದೆ. ವಲಸಿಗರ ಮನೆಗಳಲ್ಲಿ ಸಾಮಾನ್ಯವಾಗಿ ಇದು ಗಂಡಸರ ಪಾಲಿನ ಕೆಲಸವಾಗಿತ್ತು ಎಂಬುದಕ್ಕೆ ಕಾರಣ ರಟ್ಟೆಗೆ ತಾನಾಗಿಯೇ ತಿಳಿಯುತ್ತದೆ. ಆಮೇಲೆ ನಿಲ್ಲಿಸಿದ ಹಲಗೆಯ ಅಂಚಿಗೆ ನಾರನ್ನು ಇಳಿಬಿಟ್ಟು, ಮರದ ಕತ್ತಿಯಿಂದ ಮೇಲಿನಿಂದ ಕೆಳಕ್ಕೆ ಸವರುವಂತೆ ಹೊಡೆದು, ಅಂಟಿಕೊಂಡಿದ್ದ ಸಿಬಿರನ್ನೆಲ್ಲ ಕೆಡವಬೇಕು. ಹೊಡೆತ ನೇರ ಬಿದ್ದರೆ ನಾರು ಕತ್ತರಿಸುತ್ತದೆ, ಜಾರಿದಂತೆ ಬಿದ್ದರೆ ಮಾತ್ರ ಸ್ವಚ್ಛವಾಗುತ್ತದೆ. ಕೊಟ್ಟಿಗೆಯೆಲ್ಲ ದೂಳು, ನಾವು ಮುಖಗವಸು ಹಾಕಿಕೊಂಡೆವು, ಅವರಿಗೆ ಅದಿರಲಿಲ್ಲ.

ಇಡೀ ಪ್ರಕ್ರಿಯೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬಾಚುವ ಹಂತ. ದಪ್ಪ ಹಲಗೆಯ ಮೇಲೆ ಗೇಣಿಗಿಂತ ಚಿಕ್ಕದಾದ, ಸೂಜಿಯಂತೆ ಚೂಪಾದ ಕಬ್ಬಿಣದ ಮೊಳೆಗಳನ್ನು ಒತ್ತೊತ್ತಾಗಿ ನೆಟ್ಟಿರುತ್ತಾರೆ. ಮೊದಲು ಮೊಳೆ ವಿರಳವಾಗಿರುವ ಹಲಗೆ, ನಂತರ ಒತ್ತಾಗಿರುವುದು. ನಾರಿನ ಒಂದು ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು, ಇನ್ನೊಂದು ತುದಿಯನ್ನು ಮೊಳೆಗಳ ಮೇಲೆ ಎಸೆದು, ಮೈಯ ಕಡೆಗೆ ಎಳೆಯಬೇಕು. ಮೊದಲ ಎಳೆತಕ್ಕೆ ಸಿಕ್ಕುಸಿಕ್ಕಾದ ಗಿಡ್ಡ ನಾರು ಮೊಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆದಂತೆಲ್ಲ ಕೈಯಲ್ಲಿರುವುದು ತೆಳ್ಳಗಾಗುತ್ತ, ಹೊಳಪೇರುತ್ತ, ಕೊನೆಗೆ ಉಳಿಯುವುದು ಮೊಳದುದ್ದದ, ನಸುಬೂದು ಬಣ್ಣದ, ಮಿನುಗುವ ಒಂದು ಜುಟ್ಟು. ಒಣಗಿದ ಕಡ್ಡಿಯ ತೂಕದಲ್ಲಿ ಹೀಗೆ ಉಳಿಯುವ ಉದ್ದ ನಾರು ಸುಮಾರು ಹತ್ತನೆಯ ಒಂದು ಪಾಲು. ಎರಡು ತೋಳಿಗೂ ತಬ್ಬಿ ತಂದಿದ್ದ ಸಿವುಡು ಒಂದು ಮುಷ್ಟಿಯೊಳಗೆ ಅಡಗುವುದನ್ನು ನೋಡಿದಾಗ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಉತ್ಸಾಹದ ಮಾತಾಡಲಿಲ್ಲ. ಮೊಳೆಗಳಲ್ಲಿ ಸಿಕ್ಕ ಗಿಡ್ಡ ನಾರನ್ನು ಕೂಡ ಎಸೆಯುತ್ತಿರಲಿಲ್ಲ. ಅದರ ಒರಟು ನೂಲಿನಿಂದ ಚೀಲ, ಹೊಲದಲ್ಲಿ ತೊಡುವ ಇಜಾರ, ಕೆಲಸದಂಗಿಗಳಾಗುತ್ತಿದ್ದವು.

ನೂಲುವುದಕ್ಕೆ ಕಾಲಿನಿಂದ ತುಳಿಯುವ ಸಣ್ಣ ಚರಕ. ಉದ್ದ ನಾರನ್ನು ಮಡಿಲಲ್ಲಿ ಬೀಸಣಿಗೆಯಂತೆ ಪದರ ಪದರವಾಗಿ ಹರಡಿ, ಒಂದು ಕೋಲಿಗೆ ಸುತ್ತಿ, ನಡುವೆ ಪಟ್ಟಿ ಕಟ್ಟಿ, ಚರಕದ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಕೋಲಿನ ಬುಡದಿಂದ ಕೆಲವೇ ಎಳೆಗಳನ್ನು ಕೆಳಕ್ಕೆ ಎಳೆಯುತ್ತ, ಪಕ್ಕದ ಬಟ್ಟಲಿನ ನೀರಿನಲ್ಲಿ ಬೆರಳು ಅದ್ದಿ ಅದ್ದಿ ಸವರುತ್ತ ಹುರಿಗೊಳಿಸಬೇಕು. ನೀರು ತಾಗಿದಾಗ ನಾರಿನಲ್ಲಿ ಉಳಿದ ಅಂಟು ಸ್ವಲ್ಪ ಕರಗಿ, ಪಕ್ಕಕ್ಕೆ ನೆಟ್ಟಗಾಗಿ ನಿಂತ ರೋಮಗಳೆಲ್ಲ ಎಳೆಯೊಳಗೆ ಮಲಗುತ್ತವೆ. ಒಣಗೈಯಲ್ಲಿ ತೆಗೆದ ನೂಲು ಕಂಬಳಿಹುಳುವಿನ ಮೈಯಾಗುತ್ತದೆ. ಜನವರಿಯ ಚಳಿಯಲ್ಲಿ, ಒಲೆಯಿಂದ ನಾಲ್ಕು ಹೆಜ್ಜೆ ಆಚೆಗೆ ಕುಳಿತರೂ ಕೈ ಮರಗಟ್ಟುವ ಆ ಮನೆಯಲ್ಲಿ, ಒದ್ದೆ ಬೆರಳಿನಿಂದ ನೂಲುವುದೆಂದರೆ ಏನೆಂದು ಅಲ್ಲಿ ಕುಳಿತವರಿಗೇ ಗೊತ್ತು. ನನ್ನ ನೂಲು ಒಂದೆಡೆ ದಾರ, ಇನ್ನೊಂದೆಡೆ ಹಗ್ಗ. ಮೂರು ಗಜಕ್ಕೂ ಹೆಚ್ಚು ಬಟ್ಟೆ ಬೇಕಾಗುತ್ತಿದ್ದ ಒಂದು ಅಂಗಿಗೆ ಎಷ್ಟು ನೂಲು ಬೇಕಾದೀತು ಎಂದು ಲೆಕ್ಕ ಹಾಕುತ್ತ ಕುಳಿತವರಿಗೆ, ಆ ಕಾಲದ ಅಂಗಿಯನ್ನು ಬರೀ ಚೌಕ ಮತ್ತು ಆಯತದ ತುಂಡುಗಳಿಂದಲೇ, ಒಂದು ಬೆರಳಗಲ ಬಟ್ಟೆಯೂ ವ್ಯರ್ಥವಾಗದಂತೆ ಹೊಲಿಯುತ್ತಿದ್ದುದರ ಕಾರಣವನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಇಷ್ಟು ಕಷ್ಟದ ಕೆಲಸವನ್ನು ಪ್ರತಿ ಮನೆಯೂ ತಾನೇ ಮಾಡಿಕೊಳ್ಳುತ್ತಿತ್ತೇ? ಮಾಡಿಕೊಳ್ಳುತ್ತಿದ್ದರೆ ಸರ್ಕಾರ ಆಜ್ಞೆ ಹೊರಡಿಸಬೇಕಾಗುತ್ತಿರಲಿಲ್ಲ. 1640ರ ಹೊತ್ತಿಗೆ ಇಂಗ್ಲೆಂಡಿನ ರಾಜಕೀಯ ಕಲಹದಿಂದ ವಲಸೆಯ ಹಡಗುಗಳು ಕಡಿಮೆಯಾಗಿ, ಹೊರಗಿನ ಬಟ್ಟೆ ದುರ್ಲಭವಾದಾಗ, ಮಸಾಚುಸೆಟ್ಸಿನ ಶಾಸನಸಭೆ ಊರೂರಿನಲ್ಲಿ ನೂಲುವುದನ್ನು ಬಲ್ಲವರು ಯಾರು, ಬೀಜ ಎಷ್ಟಿದೆ, ಚರಕಗಳೆಷ್ಟಿವೆ ಎಂದು ವಿಚಾರಿಸಹೊರಟಿತು. 1656ರಲ್ಲಿ ಇನ್ನೂ ಮುಂದೆ ಹೋಗಿ, ಕೈ ಖಾಲಿಯಿರುವ ಹೆಂಗಸರು ಮತ್ತು ಮಕ್ಕಳು ನೂಲಬೇಕೆಂದೂ, ಒಬ್ಬ ಪೂರ್ಣ ನೂಲುಗಾರ್ತಿಯ ಲೆಕ್ಕಕ್ಕೆ ಬರುವ ಮನೆ ವರ್ಷಕ್ಕೆ 30 ವಾರ, ವಾರಕ್ಕೆ 3 ಪೌಂಡಿನಂತೆ ನೂಲು ತೆಗೆಯಬೇಕೆಂದೂ ಕಟ್ಟಳೆ ಮಾಡಿತು. ಕಸುಬು ಬಲ್ಲವರಾಗಿಯೇ ಬಂದವರು ಕೆಲವೇ ಊರಿನವರು. ಯಾರ್ಕ್‌ಶೈರಿನ ನೇಕಾರ ಕುಟುಂಬಗಳು 1639ರಲ್ಲಿ ನೆಲೆಸಿದ ಮಸಾಚುಸೆಟ್ಸಿನ ರೌಲಿ ಅಂಥದೊಂದು. ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತದ ಸ್ಕಾಟ್ ಮೂಲದವರು 1719ರಲ್ಲಿ ನೆಲೆಸಿ, ಲಿನನ್ನಿಗೆ ಹೆಸರಾದ ನ್ಯೂ ಹ್ಯಾಂಪ್‌ಶೈರಿನ ಲಂಡನ್‌ಡೆರಿ ಇನ್ನೊಂದು.

ಉಳಿದವರು ಕೊಳ್ಳುತ್ತಿದ್ದರು, ಇಲ್ಲವೇ ಮುಯ್ಯಿಗೆ ಮುಯ್ಯಿ ಮಾಡಿಕೊಳ್ಳುತ್ತಿದ್ದರು. ಚರಕವಿದ್ದ ಎಲ್ಲ ಮನೆಗಳಲ್ಲಿ ಮಗ್ಗವಿರಲಿಲ್ಲ, ಎರಡೂ ಇಲ್ಲದ ಮನೆಗಳೂ ಬೇಕಾದಷ್ಟಿದ್ದವು. ಒಬ್ಬಳು ನೂತು ಕೊಟ್ಟರೆ ಇನ್ನೊಬ್ಬಳು ನೇಯ್ದು ಕೊಡುತ್ತಿದ್ದಳು. ಮತ್ತೊಬ್ಬರು ಅದಕ್ಕೆ ಬದಲು ಹುಲ್ಲು, ಬೆಣ್ಣೆ ಅಥವಾ ಒಂದು ದಿನದ ಎತ್ತಿನ ಬೇಸಾಯ ಕೊಡುತ್ತಿದ್ದರು. ಈ ವ್ಯವಹಾರವನ್ನು ಮನೆಯ ಯಜಮಾನ ತನ್ನ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗೇ ಬರೆದುಕೊಳ್ಳುತ್ತಿದ್ದುದರಿಂದ ನೂತ ಕೈ ಯಾರದೆಂಬುದು ಎಷ್ಟೋ ಕಡೆ ಕಾಗದದಲ್ಲಿ ಕಾಣುವುದೇ ಇಲ್ಲ. ಡೀರ್‌ಫೀಲ್ಡಿನಂಥ ಊರಿನ ಪಾದ್ರಿಗಳ, ಅನುಕೂಲಸ್ಥರ ಮನೆಗಳಲ್ಲಿ ಗುಲಾಮಗಿರಿಯಲ್ಲಿದ್ದ ಆಫ್ರಿಕನ್ನರೂ ಇದ್ದರು. ಮನೆಗೆಲಸದಲ್ಲಿ ಅವರ ಪಾಲು ಇನ್ನೂ ಅಗೋಚರ.

ಕೊಳ್ಳುವ ಬಟ್ಟೆಯಲ್ಲಿ ನಮ್ಮ ದೇಶದ್ದೂ ಇತ್ತು. ಭಾರತದ ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನು ಇಂಗ್ಲೆಂಡಿನೊಳಗೆ ಬಳಸುವುದನ್ನು ಅಲ್ಲಿನ ಸಂಸತ್ತು 1700 ಮತ್ತು 1721ರ ಕಾಯ್ದೆಗಳಿಂದ ನಿರ್ಬಂಧಿಸಿದರೂ ಲಂಡನ್ನಿನಿಂದ ಅದನ್ನು ಹೊರದೇಶಕ್ಕೆ ಮರುರಫ್ತು ಮಾಡಲು ಅಡ್ಡಿಯಿರಲಿಲ್ಲ. ಹಾಗಾಗಿ ಗುಜರಾತ್, ಕೋರಮಂಡಲ ಕರಾವಳಿ ಮತ್ತು ಬಂಗಾಳದ ನೇಕಾರರ ಕೆಲಸ ಅಮೆರಿಕದ ವಸಾಹತುಗಳ ಅಂಗಡಿಗಳಿಗೆ ಬಂದು ಸೇರುತ್ತಿತ್ತು. ನಾನು ಆರಂಭದಲ್ಲಿ ಹೇಳಿದ ಆಸ್ತಿಪಟ್ಟಿಗಳಲ್ಲಿ ಕ್ಯಾಲಿಕೊ ಎಂಬ ಹತ್ತಿ ಬಟ್ಟೆಯ ಬಾಬತ್ತು ಮತ್ತೆ ಮತ್ತೆ ಬರುವುದು ಇದೇ ಕಾರಣದಿಂದ. ನೂಲುವ ಕೋಣೆಯಲ್ಲಿ ಕೈ ಮರಗಟ್ಟಿಸಿಕೊಂಡ ಮೇಲೆ, ಬಣ್ಣ ಬಿಡದ, ಹಗುರವಾದ ಆ ಬಟ್ಟೆಯನ್ನು ಅಂಗಡಿಯ ಮೇಜಿನ ಮೇಲೆ ಕಂಡ ಹೆಂಗಸು ಅದನ್ನು ಕೊಳ್ಳದೆ ಇದ್ದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಮನೆಯಲ್ಲಿ ನೂತದ್ದೇ ಹೆಮ್ಮೆ ಎಂಬ ಭಾವ ಬಲವಾಗಿ ಬೇರೂರಿದ್ದು ತಡವಾಗಿ, ರಾಜಕೀಯದ ಒತ್ತಡದಿಂದ. ವಸಾಹತುಗಳ ಆಮದಿನ ಮೇಲೆ ಬ್ರಿಟಿಷ್ ಸಂಸತ್ತು 1767ರಲ್ಲಿ ಹೇರಿದ ಟೌನ್‌ಷೆಂಡ್ ತೆರಿಗೆಗಳನ್ನು ವಿರೋಧಿಸಿ ಬ್ರಿಟಿಷ್ ಸರಕನ್ನು ಬಹಿಷ್ಕರಿಸಿದಾಗ, ನ್ಯೂ ಇಂಗ್ಲೆಂಡಿನ ಊರುಗಳಲ್ಲಿ ಹೆಂಗಸರು ಪಾದ್ರಿಯ ಮನೆಯಲ್ಲಿ ಚರಕಗಳೊಡನೆ ನೆರೆದು ದಿನವಿಡೀ ನೂತು, ನೂಲನ್ನು ಆತನಿಗೇ ಕಾಣಿಕೆ ಕೊಟ್ಟು ಬರುತ್ತಿದ್ದರು. ಪತ್ರಿಕೆಗಳು ಲಡಿಗಳ ಲೆಕ್ಕ ಸಮೇತ ಅದನ್ನು ವರದಿ ಮಾಡುತ್ತಿದ್ದವು. 1769ರಲ್ಲಿ ರೋಡ್ ಐಲೆಂಡ್ ಕಾಲೇಜಿನ ಮೊದಲ ಪದವೀಧರರು ದೇಶೀ ಬಟ್ಟೆ ತೊಟ್ಟೇ ಪದವಿ ಪಡೆದರು. ಖಾದಿಯ ಕಥೆಯನ್ನು ಕೇಳುತ್ತ ಬೆಳೆದವರಿಗೆ ಇದು ತಟ್ಟನೆ ಹತ್ತಿರವೆನಿಸುತ್ತದೆ. ಆದರೆ ಇಲ್ಲಿ ಸ್ವದೇಶಿಯ ಹೆಸರಿನಲ್ಲಿ ನೂಲುತ್ತಿದ್ದವರು ಸ್ವತಃ ಬೇರೆಯವರ ನೆಲದಲ್ಲಿ ಬಂದು ಕುಳಿತವರು ಎಂಬ ವ್ಯತ್ಯಾಸವನ್ನು ಬದಿಗಿಟ್ಟು ಹೋಲಿಸುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ಗುಂಪಿನ ನೂಲನ್ನೆಲ್ಲ ಲಡಿ ಮಾಡಿ, ಒಲೆಯ ಬೂದಿಯನ್ನು ಸೋಸಿ ತೆಗೆದ ಕ್ಷಾರದ ನೀರಿನಲ್ಲಿ ಕುದಿಸಿ, ವಸಂತದ ಬಿಸಿಲಿಗೆ ಹುಲ್ಲಿನ ಮೇಲೆ ಹರಡಿ ನೀರು ಚಿಮುಕಿಸುತ್ತ ಬಿಳುಪಾಗಿಸಿದೆವು. ಸಂಘದ ಮಗ್ಗದಲ್ಲಿ ನೇಯುವವರು ಅದನ್ನು ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಆಗಬಹುದು; ಹಾಸಿಗೆ, ಅಂದರೆ ಮಗ್ಗದ ಉದ್ದ ಎಳೆಗೆ, ಆಗದು ಎಂದು ತೀರ್ಪು ಕೊಟ್ಟರು. ಮಗ್ಗದ ಬಿಗಿತವನ್ನು ತಡೆದುಕೊಳ್ಳಬೇಕಾದ ಹಾಸಿನ ಎಳೆ ಸಮವಾಗಿ, ಗಟ್ಟಿಯಾಗಿ ಇರಲೇಬೇಕು. ಆದ್ದರಿಂದ ಹಾಸಿಗೆ ಕಾರ್ಖಾನೆಯ ಹತ್ತಿ ನೂಲು ತರಿಸಲಾಯಿತು. ಇದೇನೂ ಹೊಸ ಅಪಚಾರವಲ್ಲ. ಇಂಗ್ಲೆಂಡಿನಿಂದ ಬಂದ ಸ್ಯಾಮ್ಯುಯೆಲ್ ಸ್ಲೇಟರ್ 1790ರಲ್ಲಿ ರೋಡ್ ಐಲೆಂಡಿನ ಪಾಟಕೆಟ್ಟಿನಲ್ಲಿ ನೀರಿನ ಬಲದಿಂದ ನೂಲುವುದನ್ನು ಆರಂಭಿಸಿದ ಮೇಲೆ, ಅಂಥ ಗಿರಣಿಗಳ ಹತ್ತಿ ನೂಲನ್ನು ಹಳ್ಳಿಯ ಹೆಂಗಸರು ಹಾಸಿನ ಎಳೆಗಾಗಿ ಕೊಂಡು, ಮನೆಯ ನೂಲನ್ನು ಹೊಕ್ಕಿಗೆ ಬಳಸುತ್ತಿದ್ದರು. ಆ ಹತ್ತಿ ಬಿಡಿಸಿದ್ದು ದಕ್ಷಿಣದ ತೋಟಗಳ ಗುಲಾಮರ ಕೈ. ಮುಂದಿನ ಒಂದೆರಡು ತಲೆಮಾರಿನಲ್ಲಿ ಅಗಸೆಯ ಚರಕಗಳು ಅಟ್ಟ ಸೇರಿದವು.

ನೇಯ್ದು ಬಂದ ಕೈವಸ್ತ್ರ ಈಗ ಸಂಘದ ಮನೆಯ ಅಡುಗೆಕೋಣೆಯಲ್ಲಿದೆ. ಪಕ್ಕದ ಚೀಟಿಯಲ್ಲಿ, ಇದೇ ಹಿತ್ತಲಿನ ಅಗಸೆಯಿಂದ ಕೈಯಾರೆ ನೂತು ಮಾಡಿದ್ದು ಎಂದಷ್ಟೇ ಬರೆದಿದ್ದಾರೆ. ಹಾಸು ಅಂಗಡಿಯಿಂದ ಕೊಂಡದ್ದು ಎಂಬ ಸಾಲನ್ನೂ ಸೇರಿಸುವಂತೆ ಕೇಳಿಕೊಂಡಿದ್ದೇನೆ; ಚೀಟಿಯಲ್ಲಿ ಜಾಗ ಸಾಲದು ಎನ್ನುತ್ತಿದ್ದಾರೆ.